ಸಾವಾದ ಮನೆ, ದೆವ್ವದ ಸಿನಿಮಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಸುಮಾರು ಪತ್ರ ಒಂದೇ ಸಿನಿಮಾ ಬಗ್ಗೆ, 2018ರಲ್ಲಿ ಬಂದ ‘ಹೆರೆಡಿಟರಿ’. ಆರಿ ಆಸ್ಟರ್ ಅನ್ನೋ ಡೈರೆಕ್ಟರ್‌ಗೆ ಅದೇ ಮೊದಲನೇ ಫೀಚರ್ ಸಿನಿಮಾ, ಟೋನಿ ಕೊಲೆಟ್ ತಾಯಿ ಪಾತ್ರ ಮಾಡಿದಾರೆ. ನೋಡಿಲ್ಲದವ್ರಿಗೆ ಕಥೆ ಇಷ್ಟೇ: ಆನಿ ಅನ್ನೋ ಹೆಂಗಸಿನ ತಾಯಿ ತೀರಿಕೊಂಡಿದ್ದಾಳೆ, ಮನೇಲಿ ಗಂಡ ಸ್ಟೀವ್, ದೊಡ್ಡ ಮಗ ಪೀಟರ್, 13 ವರ್ಷದ ಮಗಳು ಚಾರ್ಲಿ. ಸ್ವಲ್ಪ ದಿನಕ್ಕೆ ಇನ್ನೊಂದು ಸಾವು ಆಗುತ್ತೆ, ಆಮೇಲೆ ಮನೆ ಮನೆಯಾಗಿ ಉಳಿಯಲ್ಲ. ಕೆಳಗಿನ ಉತ್ತರಗಳಲ್ಲಿ ಕ್ಲೈಮ್ಯಾಕ್ಸ್ ತನಕ ಎಲ್ಲಾ ಗುಟ್ಟೂ ಹೇಳಿಬಿಟ್ಟಿದೀನಿ, ಹಾಗಾಗಿ ನೋಡ್ಬೇಕು ಅಂತಿರೋರು ಮೊದ್ಲು ನೋಡಿ, ಆಮೇಲೆ ಓದಿ.

ಪ್ರಶ್ನೆ: ಮೇಡಂ, ನನ್ನ ತಮ್ಮ ಆಕ್ಸಿಡೆಂಟಲ್ಲಿ ಹೋಗಿ ಎರಡು ವರ್ಷ ಆಯ್ತು. ಮೊನ್ನೆ ಫ್ರೆಂಡ್ಸ್ ಜೊತೆ ಹೆರೆಡಿಟರಿ ನೋಡೋಕೆ ಕೂತೆ, ಆ ತಾಯಿ ಕಿರುಚೋ ಸೀನಲ್ಲಿ ತಡ್ಕೊಳೋಕೆ ಆಗ್ದೆ ಎದ್ದು ಹೊರಗೆ ಹೋದೆ. ಆಮೇಲೆ ಅವ್ರು “ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡ್ವೇ, ಅದ್ರಲ್ಲಿ ಬರೋ ದೆವ್ವ ಗಿವ್ವ ಎಲ್ಲಾ ದುಃಖಕ್ಕೆ ಸಿಂಬಲ್ ಅಷ್ಟೆ” ಅಂತ ಸಮಾಧಾನ ಮಾಡಿದ್ರು. ನಂಗ್ಯಾಕೋ ಆ ಮಾತು ಕೇಳಿ ಸಮಾಧಾನದ ಬದ್ಲು ಸಿಟ್ಟೇ ಬಂತು. ನಾನೇ ತಪ್ಪು ಅರ್ಥ ಮಾಡ್ಕೊಂಡಿದೀನಾ?
– ಹೆಸರು ಬೇಡ ಅಂದಿರೋ ಅಕ್ಕ

ಉತ್ತರ: ತಮ್ಮನ ವಿಷ್ಯ ಓದಿ ತುಂಬಾ ಬೇಜಾರಾಯ್ತು. ಎದ್ದು ಹೋಗಿದ್ದು ಒಳ್ಳೇದೇ ಆಯ್ತು, ಸಿನಿಮಾ ಎಲ್ಲೂ ಓಡಿಹೋಗಲ್ಲ.

ನಿಮ್ಮ ಸಿಟ್ಟು ನಂಗೆ ಅರ್ಥ ಆಗುತ್ತೆ, ಯಾಕಂದ್ರೆ ಆ ಸೀನಲ್ಲಿ ಸಿಂಬಲ್ ಅನ್ನೋಂಥದ್ದು ಏನೂ ಇಲ್ಲ. ಒಂದ್ಸಲ ನೆನಪು ಮಾಡ್ಕೊಳಿ (ಆಗಲ್ಲ ಅಂದ್ರೆ ಈ ಪ್ಯಾರಾ ಬಿಟ್ಟು ಮುಂದೆ ಓದಿ). ಪೀಟರ್ ಪಾರ್ಟಿಗೆ ಹೊರಟಿದಾನೆ, ತಂಗೀನೂ ಕರ್ಕೊಂಡು ಹೋಗು ಅಂತ ತಾಯಿ ಬಲವಂತ ಮಾಡಿ ಕಳಿಸ್ತಾಳೆ, ಅಲ್ಲಿ ಆ ಹುಡುಗಿ ಬೀಜ ಬೆರೆಸಿರೋ ಕೇಕ್ ತಿಂತಾಳೆ, ಅದು ಅವಳಿಗೆ ಅಲರ್ಜಿ, ಉಸಿರು ಕಟ್ಟೋಕೆ ಶುರುವಾಗುತ್ತೆ. ಅಣ್ಣ ಗಾಬರಿ ಬಿದ್ದು ಕಾರು ಓಡಿಸ್ತಾನೆ, ಅವಳು ಗಾಳಿಗೆ ಅಂತ ಕಿಟಕಿಯಿಂದ ತಲೆ ಹೊರಗೆ ಹಾಕ್ತಾಳೆ, ರಸ್ತೆ ಮೇಲೆ ಸತ್ತು ಬಿದ್ದಿರೋ ಪ್ರಾಣಿ ಅಡ್ಡ ಬರುತ್ತೆ, ಸ್ಟೀರಿಂಗ್ ಪಕ್ಕಕ್ಕೆ ಎಳೀತಾನೆ, ಅಲ್ಲೊಂದು ಕಂಬ. ಇದು ಸೆಕೆಂಡುಗಳಲ್ಲಿ ಮುಗಿದುಹೋಗುತ್ತೆ. ಆದ್ರೆ ಅಲ್ಲಿಂದ ಮುಂದೆ ಡೈರೆಕ್ಟರ್ ಆತುರವೇ ಪಡಲ್ಲ. ಪೀಟರ್ ಸುಮ್ನೆ ಕೂತಿರ್ತಾನೆ, ಹಿಂದೆ ತಿರುಗಿ ನೋಡಲ್ಲ, ಕಾರು ನಿಧಾನಕ್ಕೆ ಮನೆಗೆ ಓಡಿಸ್ಕೊಂಡು ಬಂದು, ಯಾರಿಗೂ ಏನೂ ಹೇಳ್ದೆ ಹೋಗಿ ಹಾಸಿಗೆ ಮೇಲೆ ಮಲಗ್ತಾನೆ. ಬೆಳಗಾಗುತ್ತೆ, ಕಣ್ಣು ಬಿಟ್ಕೊಂಡೇ ಇದಾನೆ. ತಾಯಿ ಹೊರಗೆ ಹೊರಡೋ ಸದ್ದು ಕೇಳುತ್ತೆ, ಆಮೇಲೆ ಆ ಕಿರುಚಾಟ. ಕ್ಯಾಮೆರಾ ತಾಯಿ ಹತ್ರ ಹೋಗಲ್ಲ, ಮಗನ ಮುಖ ಬಿಟ್ಟು ಅಲ್ಲಾಡಲ್ಲ. ನಾವೂ ಅವನ ಥರಾನೇ ಬರೀ ಕೇಳಿಸ್ಕೋಬೇಕು.

ಇಲ್ಲಿ ದೆವ್ವ ಎಲ್ಲಿದೆ? ಎಲ್ಲೂ ಇಲ್ಲ. ಒಬ್ಬ ಹುಡುಗ ಶಾಕಲ್ಲಿ ಇದಾನೆ, ಒಬ್ಬ ತಾಯಿ ಮಗಳನ್ನ ಕಳ್ಕೊಂಡಿದಾಳೆ, ಇಷ್ಟೇ. ಇಂಥಾ ಸುದ್ದಿ ಬಂದ ಮನೇಲಿ ಇದ್ದೋರಿಗೆ ಆ ದನಿ ಯಾವ್ದು ಅಂತ ಗೊತ್ತಿರುತ್ತೆ, ನಿಮ್ಗೂ ಅದು ಗೊತ್ತಾಗಿದ್ದಕ್ಕೇ ಎದ್ದು ಹೋದ್ರಿ.

ಇನ್ನು “ದೆವ್ವ ಬರೀ ಸಿಂಬಲ್” ಅನ್ನೋ ಮಾತು. ನಾನು ಇದನ್ನ ಒಪ್ಪಲ್ಲ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಿನಿಮಾದ ಕೊನೇಲಿ ಆನಿಗೆ ಎಲ್ಲಾ ಗೊತ್ತಾಗುತ್ತೆ, ತನ್ನ ತಾಯಿ ಒಂದು ಗುಂಪಿನ ಜೊತೆ ಸೇರ್ಕೊಂಡು ಏನೇನು ಮಾಡಿದ್ಳು, ತನಗೆ ಸಮಾಧಾನ ಹೇಳೋಕೆ ಬಂದ ಜೋನ್ ಅನ್ನೋ ಹೆಂಗಸು ಯಾರು ಅಂತ. ಅವಳು ಗಂಡನ ಹತ್ರ ಬಂದು ಅಷ್ಟನ್ನೂ ಹೇಳ್ತಾಳೆ, ಅಳ್ತಾಳೆ, ಬೇಡ್ಕೊಳ್ತಾಳೆ. ಅವನು ನಂಬಲ್ಲ. ಆನಿ ತಾಯಿಯ ಸಮಾಧಿ ಯಾರೋ ಅಗೆದಿರ್ತಾರೆ, ಅದು ಇವಳೇ ಇರಬೇಕು ಅಂತ ಅವನಿಗೆ ಅನುಮಾನ. ಪಾಪ ಅವನೇನು ಕೆಟ್ಟ ಗಂಡ ಅಲ್ಲ, ದುಃಖಕ್ಕೆ ಇವಳ ತಲೆ ಕೆಟ್ಟಿದೆ ಅಂತ ಅವನ ಲೆಕ್ಕ. ಈಗ ನೋಡಿ, ದೆವ್ವ ಬರೀ ಸಿಂಬಲ್ ಅಂತ ನಾವೂ ಅಂದ್ಬಿಟ್ರೆ ಅವನ ಪಕ್ಕಾನೇ ನಿಂತ್ಕೊಂಡ ಹಾಗಾಯ್ತು. ಆದ್ರೆ ಸಿನಿಮಾದಲ್ಲಿ ಅವಳು ಹೇಳ್ತಿರೋದು ಸತ್ಯ! ಅಷ್ಟೊಂದು ಕಳ್ಕೊಂಡಿರೋ ಒಬ್ಬಳು ನಿಜ ಹೇಳ್ತಿದಾಳೆ, ಮನೆಯವ್ರೇ ಅವಳನ್ನ ಕಾಯಿಲೆಯವಳ ಥರ ನೋಡ್ತಿದಾರೆ. ನಂಗೆ ಈ ಸಿನಿಮಾದಲ್ಲಿ ತಲೆ ಇಲ್ಲದ ದೇಹಕ್ಕಿಂತ, ಗೋಡೆ ಮೇಲೆ ಹರಿದಾಡೋದಕ್ಕಿಂತ ಭಯ ಆಗೋದು ಇದೇ ಜಾಗದಲ್ಲಿ.

ಹಾಗಾಗಿ ದೆವ್ವಾನೂ ನಿಜ, ದುಃಖಾನೂ ನಿಜ ಅಂತ ಇಟ್ಕೊಂಡು ನೋಡಿದ್ರೇನೇ ಈ ಥರದ ಸಿನಿಮಾ ಪೂರ್ತಿ ಸಿಗುತ್ತೆ. ನಿಮ್ಮ ಫ್ರೆಂಡ್ಸ್ ಒಳ್ಳೇ ಮನಸ್ಸಿಂದಾನೇ ಹೇಳಿರ್ತಾರೆ, ಅವ್ರ ಮೇಲೆ ಸಿಟ್ಟು ಇಟ್ಕೋಬೇಡಿ. ಆದ್ರೆ “ಅಷ್ಟೆ” ಅಂತ ಅವ್ರು ಅಂದ್ರಲ್ಲ, ಆ ಒಂದು ಮಾತನ್ನ ಮಾತ್ರ ನೀವು ಒಪ್ಕೋಬೇಕಾಗಿಲ್ಲ.

ಪ್ರಶ್ನೆ: ಕ್ಲೈಮ್ಯಾಕ್ಸ್ ತಲೆಗೇ ಹೋಗ್ಲಿಲ್ಲ. ಅಜ್ಜಿ ಏನು ಮಾಡಿದ್ಳು, ಆ ರಾಜ ಯಾರು, ಪೀಟರ್ ತಲೆ ಮೇಲೆ ಕಿರೀಟ ಯಾಕೆ ಇಟ್ರು?

ಉತ್ತರ: ಪೈಮನ್ ಅಂತ ಒಂದು ದುಷ್ಟಶಕ್ತಿ, ಯುರೋಪಿನ ಹಳೇ ಮಾಟಮಂತ್ರದ ಪುಸ್ತಕಗಳಲ್ಲಿ ನರಕದ ರಾಜರಲ್ಲಿ ಒಬ್ಬ ಅಂತ ನಿಜವಾಗ್ಲೂ ಬರೋ ಹೆಸರದು, ಡೈರೆಕ್ಟರ್ ಕಟ್ಟಿದ್ದಲ್ಲ. ಅಜ್ಜಿಯ ಗುಂಪು ಅದನ್ನ ಆರಾಧಿಸೋರು. ಅದಕ್ಕೆ ಗಂಡು ದೇಹ ಬೇಕು, ಮೊದ್ಲು ಆನಿಯ ಅಣ್ಣನ ಮೇಲೆ ಪ್ರಯತ್ನ ಆಗಿದೆ, ಅಮ್ಮ ನನ್ನೊಳಗೆ ಯಾರ್ಯಾರನ್ನೋ ತುಂಬಿಸ್ತಿದಾಳೆ ಅಂತ ಬರೆದಿಟ್ಟು ಅವನು ಜೀವ ಕಳ್ಕೊಂಡ. ಆಮೇಲೆ ಮೊಮ್ಮಗಳು ಚಾರ್ಲಿಯಲ್ಲಿ ಅದನ್ನ ಇಟ್ರು, ಕೊನೆಗೆ ಪೀಟರ್ ದೇಹಕ್ಕೆ ಸಾಗಿಸಿದ್ರು. ಕಥೆ ಇಷ್ಟೇ. ಎರಡನೇ ಸಲ ನೋಡಿದ್ರೆ ಚಾರ್ಲಿ ತಲೆಗೆ ಹೊಡೆದ ಆ ಕಂಬದ ಮೇಲೆ ಗುಂಪಿನ ಗುರುತು ಕೆತ್ತಿರೋದು ಕಾಣುತ್ತೆ, ಅಂದ್ರೆ ಅದು ಆಕ್ಸಿಡೆಂಟೇ ಅಲ್ಲ.

ಈ ಪ್ಲಾಟ್ ಬಿಡಿಸೋ ವಿಡಿಯೋಗಳು ಸಾಕಷ್ಟಿವೆ, ಅದಕ್ಕೇ ನಾನು ಇನ್ನೊಂದು ಕಡೆ ನಿಮ್ಮ ಗಮನ ಎಳೀತೀನಿ. ಮನೆಯವ್ರು ಒಬ್ರಿಗೊಬ್ರು ಏನೇನು ಮುಚ್ಚಿಟ್ರು ಅಂತ ಲೆಕ್ಕ ಹಾಕಿ ನೋಡಿ. ಅಜ್ಜಿ ಸಮಾಧಿ ಯಾರೋ ಹಾಳು ಮಾಡಿದಾರೆ ಅಂತ ಸ್ಟೀವ್‌ಗೆ ಫೋನ್ ಬರುತ್ತೆ, ಹೆಂಡ್ತಿ ನೊಂದ್ಕೋತಾಳೆ ಅಂತ ಹೇಳಲ್ಲ. ಆನಿ ದುಃಖದಲ್ಲಿರೋರು ಸೇರೋ ಒಂದು ಸಪೋರ್ಟ್ ಗ್ರೂಪಿಗೆ ಹೋಗ್ತಾಳೆ, ಮನೇಲಿ ಸಿನಿಮಾಕ್ಕೆ ಹೋಗ್ತೀನಿ ಅಂತ ಸುಳ್ಳು ಹೇಳ್ತಾಳೆ. ಪೀಟರ್ ಕಾರಲ್ಲಿ ಏನಾಯ್ತು ಅನ್ನೋದನ್ನ ಬಾಯಿಬಿಟ್ಟು ಹೇಳೋದೇ ಇಲ್ಲ. ಅಜ್ಜಿ ಬಗ್ಗೆ ಅಂತೂ ಕೇಳ್ಬೇಡಿ, ಅಂತ್ಯಕ್ರಿಯೆಯಲ್ಲಿ ಮಾತಾಡುವಾಗ ಮಗಳೇ ಹೇಳ್ತಾಳೆ, ಅಮ್ಮ ತುಂಬಾ ಗುಟ್ಟಿನ ಹೆಂಗಸು, ಇಲ್ಲಿ ಬಂದಿರೋ ಅರ್ಧ ಜನ ಯಾರು ಅಂತಾನೇ ನಂಗೊತ್ತಿಲ್ಲ ಅನ್ನೋ ಅರ್ಥದಲ್ಲಿ. ಪ್ರತಿಯೊಬ್ರೂ ಇನ್ನೊಬ್ರಿಗೆ ನೋವಾಗಬಾರ್ದು ಅಂತಾನೇ ಸುಮ್ನಿದಾರೆ. ಆ ಗುಂಪು ಕಷ್ಟಪಟ್ಟು ಈ ಮನೆ ಬಾಗಿಲು ಒಡೀಬೇಕಾಗೇ ಇರ್ಲಿಲ್ಲ, ಜೋನ್ ಬಂದು ಒಂದೆರಡು ಒಳ್ಳೇ ಮಾತಾಡಿ ಆನಿ ಕೈ ಹಿಡ್ಕೊಂಡಿದ್ದೇ ಸಾಕಾಯ್ತು, ಯಾಕಂದ್ರೆ ಆನಿ ಮಾತು ಕೂತು ಕೇಳೋರು ಮನೇಲಿ ಒಬ್ರೂ ಇರ್ಲಿಲ್ಲ.

ಪ್ರಶ್ನೆ: ಆನಿ ಮಾಡೋ ಆ ಪುಟ್ಟ ಪುಟ್ಟ ಮನೆ ಮಾಡೆಲ್‌ಗಳು ಕಥೆಗೆ ಏನು ಬೇಕಿತ್ತು? ನೋಡೋಕೆ ಚೆನ್ನಾಗಿದೆ ಅಂತ ಹಾಕಿದ್ದಾ?

ಉತ್ತರ: ಇಲ್ಲ ಇಲ್ಲ, ಅದು ತೆಗೆದ್ರೆ ಸಿನಿಮಾನೇ ಇಲ್ಲ. ಶುರುವಲ್ಲೇ ನೋಡಿ, ಕ್ಯಾಮೆರಾ ಕಿಟಕಿಯಿಂದ ಹಿಂದೆ ಸರಿದು ರೂಮೆಲ್ಲಾ ಸುತ್ತಿ ಒಂದು ಮಾಡೆಲ್ ಮನೆ ಕಡೆ ನಿಧಾನಕ್ಕೆ ಹೋಗುತ್ತೆ, ಅದ್ರೊಳಗಿನ ಒಂದು ರೂಮು ಸ್ಕ್ರೀನ್ ತುಂಬಾ ಆಗುತ್ತೆ, ಆಗ ಬಾಗಿಲು ತೆಗೆದು ಅಪ್ಪ ಒಳಗೆ ಬಂದು ಮಗನನ್ನ ಎಬ್ಬಿಸ್ತಾನೆ. ಎಲ್ಲಿ ಗೊಂಬೆ ಮನೆ ಮುಗೀತು, ಎಲ್ಲಿ ನಿಜ ಮನೆ ಶುರುವಾಯ್ತು ಅಂತ ಗೊತ್ತೇ ಆಗಲ್ಲ. ಈ ಮನೆಯವ್ರನ್ನ ಯಾರೋ ಮೇಲಿಂದ ಆಡಿಸ್ತಿದಾರೆ ಅನ್ನೋದನ್ನ ಒಂದು ಮಾತೂ ಇಲ್ದೆ ಮೊದಲನೇ ಶಾಟಲ್ಲೇ ಹೇಳಿಬಿಟ್ರು. ಮನೆಯ ಒಳಭಾಗಾನೂ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟು, ಗೋಡೆಗಳನ್ನ ತೆಗೆದು ಹಾಕೋ ಹಾಗೆ ಕಟ್ಟಿದ್ರು, ಅದಕ್ಕೇ ದೂರದಿಂದ ಪೂರ್ತಿ ರೂಮು ಕಾಣೋ ಹಾಗೆ ಶಾಟ್ ಇಡೋಕೆ ಸಾಧ್ಯ ಆಗಿದ್ದು, ಮನುಷ್ಯರು ಅದ್ರೊಳಗೆ ಗೊಂಬೆಗಳ ಥರ ಕಾಣೋದು.

ಆದ್ರೆ ನಂಗೆ ಮುಖ್ಯ ಅನ್ಸೋದು ಅದಕ್ಕಿಂತ ಬೇರೆ. ಆನಿ ಮಾಡೋ ಮಾಡೆಲ್‌ಗಳೆಲ್ಲ ಅವಳ ಬದುಕಿನವೇ, ತಾಯಿ ಕೊನೇ ದಿನ ಕಳೆದ ರೂಮು, ಅಜ್ಜಿ ಮಗುಗೆ ತಾನೇ ಹಾಲು ಕುಡಿಸೋಕೆ ನೋಡೋದು, ಹೀಗೆ. ಮಗಳು ಸತ್ತ ಮೇಲೆ ಒಂದಿನ ಸ್ಟೀವ್ ರೂಮಿಗೆ ಬಂದು ನೋಡ್ತಾನೆ, ಹೆಂಡ್ತಿ ಕೂತ್ಕೊಂಡು ಆ ಆಕ್ಸಿಡೆಂಟಿನ ಮಾಡೆಲ್ ಮಾಡ್ತಿದಾಳೆ. ರಸ್ತೆ, ಕಾರು, ಕಂಬ, ಎಲ್ಲಾ ಬೆರಳುದ್ದ, ಸಣ್ಣ ಬ್ರಷಲ್ಲಿ ಬಣ್ಣ ಹಚ್ಚಿ ಅಚ್ಚುಕಟ್ಟಾಗಿ. ಇದನ್ನ ಪೀಟರ್ ನೋಡಿದ್ರೆ ಏನು ಗತಿ ಅಂತ ಅವನಿಗೆ ಗಾಬರಿ. ಅವಳು ಅಂತಾಳೆ ಇದು ಅವನ ಬಗ್ಗೆ ಅಲ್ಲ, ಇದು ಯಾರ ಪಕ್ಷಾನೂ ವಹಿಸ್ದೆ ನೋಡಿದ್ದು ಅಂತ. ಬಹಳ ಜನ ಇದನ್ನ ನೋಡಿ ಅವಳಿಗೆ ಹುಚ್ಚು ಅಂತ ಬರೆದಿದಾರೆ, ನಂಗೆ ಹಾಗನ್ಸಲ್ಲ. ಕಳ್ಕೊಂಡವ್ರು ಆ ದಿನಾನ ಮನಸ್ಸಲ್ಲಿ ಎಷ್ಟು ಸಲ ತಿರುಗಿಸಿ ನೋಡ್ತಾರೆ ಅಂತ ಕೇಳಿ ನೋಡಿ, ಆ ತಿರುವಲ್ಲಿ ನಿಧಾನಕ್ಕೆ ಹೋಗಿದ್ರೆ, ಪಾರ್ಟಿಗೆ ಕಳಿಸ್ದೇ ಇದ್ದಿದ್ರೆ, ಐದು ನಿಮಿಷ ಲೇಟಾಗಿ ಹೊರಟಿದ್ರೆ ಅಂತ. ಆನಿ ಕೈಯಲ್ಲಿ ಕಸುಬಿದೆ, ಅದಕ್ಕೇ ಅದು ಟೇಬಲ್ ಮೇಲೆ ಬಂತು. ಎಲ್ಲಾನೂ ಅಂಗೈಯಷ್ಟಕ್ಕೆ ಇಳಿಸಿದ್ರೆ ತಡ್ಕೋಬಹುದು ಅಂತ ಅವಳ ಆಸೆ. ಕೊನೆಗೆ ಅದೂ ಆಗ್ದೆ ಅವಳೇ ಎಲ್ಲಾ ಮಾಡೆಲ್ ಒಡೆದು ಹಾಕ್ತಾಳೆ.

ಪ್ರಶ್ನೆ: ಅಮೆರಿಕಾದಲ್ಲಿ ಪ್ರೇಕ್ಷಕರು ಈ ಸಿನಿಮಾಗೆ ತೀರಾ ಕೆಟ್ಟ ಮಾರ್ಕ್ಸ್ ಕೊಟ್ಟಿದ್ರಂತೆ, ನಿಜಾನಾ?

ಉತ್ತರ: ನಿಜ. ಅಲ್ಲಿ ಸಿನಿಮಾಸ್ಕೋರ್ ಅನ್ನೋರು ರಿಲೀಸ್ ದಿನ ಸಿನಿಮಾ ನೋಡಿದವ್ರನ್ನ ಕೇಳಿ ಗ್ರೇಡ್ ಹಾಕ್ತಾರೆ, ಹೆರೆಡಿಟರಿಗೆ ಸಿಕ್ಕಿದ್ದು ಡಿ ಪ್ಲಸ್. ವಿಮರ್ಶಕರು ಹೊಗಳಿದ್ದೂ ಹೊಗಳಿದ್ದೇ, ಹಾಕಿದ ದುಡ್ಡಿಗೆ ಎಷ್ಟೋ ಪಟ್ಟು ವಾಪಸ್ ಬಂತು, ಆದ್ರೂ ಮೊದಲ ದಿನದ ಜನ ಸಿಟ್ಟು ಮಾಡ್ಕೊಂಡ್ರು. ಟ್ರೇಲರ್ ನೋಡಿ ಪಟ್ ಅಂತ ಬೆಚ್ಚಿಬೀಳಿಸೋ ಸಿನಿಮಾ ಅಂತ ಬಂದವ್ರಿಗೆ ಮೊದಲ ಒಂದು ಗಂಟೆ ಬರೀ ಸಾವಾದ ಮನೆ ತೋರಿಸಿದ್ರೆ ಇನ್ನೇನಾಗುತ್ತೆ. ಟೋನಿ ಕೊಲೆಟ್‌ಗೆ ಆಸ್ಕರ್ ನಾಮಿನೇಷನ್ ಕೂಡ ಸಿಗ್ಲಿಲ್ಲ, ಅದು ಮಾತ್ರ ನಂಗೆ ಇವತ್ತಿಗೂ ಬೇಜಾರು.

ಪ್ರಶ್ನೆ: ಊಟದ ಟೇಬಲ್ ಸೀನಲ್ಲಿ ತಾಯಿ ಮಗನ ಮೇಲೆ ಹಾಗೆ ಕಿರುಚಾಡೋದು ನೋಡಿ ನಂಗೆ ಆ ತಾಯಿ ಮೇಲೇ ಕೋಪ ಬಂತು. ಮಗ ಮೊದ್ಲೇ ನೊಂದಿದಾನೆ, ಅವಳು ಕೆಟ್ಟ ತಾಯಿ ತಾನೆ?

ಉತ್ತರ: ಆ ಸೀನ್ ಇನ್ನೊಂದ್ಸಲ ನೋಡಿ ದಯವಿಟ್ಟು, ಶುರು ಮಾಡೋದು ಅವಳಲ್ಲ. ಮೂರೂ ಜನ ಮಾತಿಲ್ದೆ ಊಟ ಮಾಡ್ತಿದಾರೆ, ಪೀಟರೇ ಕೇಳ್ತಾನೆ, ಅಮ್ಮ ನಿನ್ನ ಮನಸ್ಸಲ್ಲಿ ಏನಾದ್ರೂ ಇದ್ಯಾ, ಇದ್ರೆ ಹೇಳ್ಬಿಡು ಅಂತ. ಅವಳು ಮೊದ್ಲು ತಪ್ಪಿಸ್ಕೊಳೋಕೆ ನೋಡ್ತಾಳೆ. ಅವನು ಬಿಡಲ್ಲ. ಆಮೇಲೆ ಅವಳು ಎದ್ದು ನಿಂತು ಹೇಳ್ತಾಳಲ್ಲ, ಅದ್ರಲ್ಲಿ ಬೈಗುಳ ಇದೆ ನಿಜ, ಆದ್ರೆ ಮಧ್ಯದಲ್ಲಿ ಒಂದು ಮಾತಿದೆ: ನೀನು ಒಂದೇ ಒಂದು ಸಲ ತಪ್ಪಾಯ್ತು ಅಂದಿದ್ರೆ, ಆಗಿದ್ದನ್ನ ಒಪ್ಕೊಂಡಿದ್ರೆ, ಈ ಸಾವು ನಮ್ಮನ್ನ ಹತ್ರ ತರ್ತಿತ್ತೇನೋ, ಈ ಮನೇಲಿ ಯಾರೂ ತಾವು ಮಾಡಿದ್ದನ್ನ ಒಪ್ಕೊಳೋದೇ ಇಲ್ಲ ಅನ್ನೋ ಥರ. ಅವಳು ಕೇಳ್ತಿರೋದು ಕ್ಷಮಿಸೋಕೆ ಒಂದು ದಾರಿ. ಪೀಟರ್ ಏನು ತಿರುಗಿ ಕೇಳ್ತಾನೆ? ಚಾರ್ಲಿಗೆ ಪಾರ್ಟಿಗೆ ಹೋಗೋಕೆ ಇಷ್ಟ ಇರ್ಲಿಲ್ಲ, ಮತ್ತೆ ಅವಳು ಅಲ್ಲಿ ಯಾಕಿದ್ಳು ಅಂತ. ಅಂದ್ರೆ ನೀನು ಒಪ್ಕೊಂಡ್ಯಾ ಅಂತ. ಅಲ್ಲಿಗೆ ಮುಗೀತು, ಇಬ್ರದ್ದೂ ಬಾಯಿ ಕಟ್ಟಿತು.

ಇಬ್ಬರ ಹತ್ರಾನೂ ಅರ್ಧರ್ಧ ಸತ್ಯ ಇದೆ. ಅವನು ಓಡಿಸಿದ, ಅವಳು ಕಳಿಸಿದ್ಳು, ಇಬ್ರನ್ನೂ ಅದು ರಾತ್ರಿ ನಿದ್ದೆ ಮಾಡೋಕೆ ಬಿಡ್ತಿಲ್ಲ. ಒಂದು ಮಗು ಹೋದ ಮನೆಗಳಲ್ಲಿ “ಯಾರಿಂದಾಯ್ತು” ಅನ್ನೋ ಪ್ರಶ್ನೆ ಬಾಯಿಗೆ ಬರ್ದೇ ವರ್ಷಗಟ್ಟಲೆ ಮನೆಯೊಳಗೆ ಓಡಾಡ್ತಿರುತ್ತೆ. ಇನ್ನೊಂದು ಸೀನ್ ನೆನಪಿಸ್ತೀನಿ, ಆನಿ ರೂಮಲ್ಲಿ ನೆಲದ ಮೇಲೆ ಬಿದ್ದು ನಾನು ಸಾಯ್ಬೇಕು ಅಂತ ಗೋಳಾಡ್ತಿದಾಳೆ, ಹೊರಗೆ ಪೀಟರ್ ನಿಂತು ಕೇಳಿಸ್ಕೊತಾನೆ, ಒಳಗೆ ಹೋಗೋ ಧೈರ್ಯ ಇಲ್ಲ. ಇವಳನ್ನ ಕೆಟ್ಟ ತಾಯಿ, ಅವನನ್ನ ಕೆಟ್ಟ ಮಗ ಅಂದ್ರೆ ಏನೂ ಹೇಳಿದ ಹಾಗಾಗಲ್ಲ. ನಿಮ್ಗೆ ಕೋಪ ಬಂದಿದ್ದು ಸಹಜ, ಆ ಸೀನ್ ಯಾರ ಕಡೆಗೂ ವಾಲ್ದೆ ಬರೆದಿರೋದ್ರಿಂದ ನೋಡೋರೇ ಒಂದು ಪಕ್ಷ ಹಿಡೀಬೇಕಾಗುತ್ತೆ, ಮುಂದಿನ ಸಲ ಮಗನ ಮೇಲೆ ಕೋಪ ಬಂದ್ರೂ ಆಶ್ಚರ್ಯ ಇಲ್ಲ.

ಪ್ರಶ್ನೆ: ದುಃಖಕ್ಕೆ ಐದು ಹಂತ ಇದೆ, ‘ಬಾಬಾಡೂಕ್’ ಸಿನಿಮಾ ಪೂರ್ತಿ ಆ ಐದು ಹಂತಾನೇ ತೋರಿಸುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ಇದು ಸರೀನಾ?

ಉತ್ತರ: ಆ ಐದು ಹಂತ, ಅಂದ್ರೆ ಒಪ್ಪದೇ ಇರೋದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಕೊಳೋದು, ಇದನ್ನ ಹೇಳಿದ್ದು ಎಲಿಜಬೆತ್ ಕ್ಯೂಬ್ಲರ್-ರಾಸ್ ಅನ್ನೋ ಮನೋವೈದ್ಯೆ, 1969ರ ಪುಸ್ತಕದಲ್ಲಿ. ಅವ್ರು ಮಾತಾಡಿಸಿದ್ದು ಸಾಯೋ ಕಾಯಿಲೆ ಬಂದ ರೋಗಿಗಳನ್ನ. ತನ್ನ ಸಾವು ಹತ್ರ ಇದೆ ಅಂತ ಗೊತ್ತಾದವ್ರ ಮನಸ್ಸಿನ ಬಗ್ಗೆ ಬರೆದಿದ್ದದು, ಆಮೇಲೆ ಜನ ಅದನ್ನ ಹಿಂದೆ ಉಳಿದವ್ರಿಗೂ ಅಂಟಿಸಿದ್ರು. ಮೆಟ್ಟಿಲು ಹತ್ತಿದ ಹಾಗೆ ಒಂದಾದ್ಮೇಲೆ ಒಂದು ಬಂದು ಕೊನೆಗೆ ಮುಗಿದುಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ನಿಮ್ಮ ಅಳು ಇನ್ನೂ ಮೂರನೇ ಹಂತದಲ್ಲೇ ಇದೆ ಅಂತ ತಪ್ಪಿತಸ್ಥ ಭಾವ ಬರೋದೊಂದೇ ಲಾಭ.

ಬಾಬಾಡೂಕ್ ಅದಕ್ಕಿಂತ ಜಾಣ ಸಿನಿಮಾ. 2014ರದ್ದು, ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ ಬರೆದು ಡೈರೆಕ್ಟ್ ಮಾಡಿದ್ದು. ಹೆರಿಗೆಗೆ ಅಂತ ಹೆಂಡ್ತೀನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಗಂಡ ಆಕ್ಸಿಡೆಂಟಲ್ಲಿ ಸಾಯ್ತಾನೆ, ಅದೇ ದಿನ ಮಗ ಹುಟ್ತಾನೆ. ಹಾಗಾಗಿ ಮಗನ ಬರ್ತ್‌ಡೇ ಬಂದಾಗೆಲ್ಲ ಗಂಡನ ಸಾವಿನ ದಿನ, ಆ ಹುಡುಗನ ಬರ್ತ್‌ಡೇನ ಅದೇ ದಿನ ಮಾಡೋದೇ ಇಲ್ಲ. ಅವಳಿಗೆ ಒಳಗೊಳಗೇ ಮಗನ ಮೇಲೆ ಸಿಟ್ಟು, ಹೇಳೋ ಹಾಗಿಲ್ಲ, ಗಂಡನ ಸಾಮಾನೆಲ್ಲ ನೆಲಮಾಳಿಗೇಲಿ ಬೀಗ ಹಾಕಿಟ್ಟಿದಾಳೆ. ಕೊನೇಲಿ ಏನಾಗುತ್ತೆ ಅನ್ನೋದೇ ಈ ಸಿನಿಮಾದ ಹೆಚ್ಚುಗಾರಿಕೆ, ಅವ್ರನ್ನ ಕಾಡೋ ಬಾಬಾಡೂಕ್ ಅನ್ನೋ ರಾಕ್ಷಸ ಸಾಯಲ್ಲ. ನೆಲಮಾಳಿಗೇಲೇ ಇರುತ್ತೆ, ತಾಯಿ ದಿನಾ ಒಂದು ಬಟ್ಟಲಲ್ಲಿ ಹುಳು ತಗೊಂಡು ಹೋಗಿ ಕೊಟ್ಟು, ಅದು ಮೈಮೇಲೆ ಬಂದ್ರೆ ತಡ್ಕೊಂಡು, ಸಮಾಧಾನ ಮಾಡಿ ಮೇಲೆ ಬರ್ತಾಳೆ. ಮಗನ ಬರ್ತ್‌ಡೇ ಸರಿಯಾದ ದಿನಾನೇ ಆಗುತ್ತೆ. ಐದನೇ ಹಂತ ತಲುಪಿ ಫೈಲ್ ಮುಚ್ಚಿದ ಹಾಗೆ ಎಲ್ಲಿದೆ ಇದ್ರಲ್ಲಿ? ಬದುಕಿರೋ ತನಕ ಅದರ ಜೊತೆ ಇರ್ಬೇಕು ಅಂತ ಇಷ್ಟು ನೇರವಾಗಿ ಹೇಳಿದ ದೆವ್ವದ ಸಿನಿಮಾ ಕಡಿಮೆ.

ಪ್ರಶ್ನೆ: ನಂಗೆ 58 ವರ್ಷ. ನಮ್ಮೆಜಮಾನ್ರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಸಂಜೆ ಹೊತ್ತು ಅವ್ರು ಪಕ್ಕದ ರೂಮಲ್ಲೇ ಇದ್ದ ಹಾಗೆ ಅನ್ಸುತ್ತೆ, ಎರಡು ಸಲ ಕೆಮ್ಮಿದ ಸದ್ದೂ ಕೇಳಿಸ್ತು. ಮಗಳಿಗೆ ಹೇಳಿದ್ರೆ ಗಾಬರಿ ಆಗ್ತಾಳೆ ಅಂತ ಹೇಳಿಲ್ಲ. ಅವಳು ಈ ಥರದ ಸಿನಿಮಾ ಹಾಕ್ಕೊಂಡು ನೋಡ್ತಿರ್ತಾಳೆ, ಜೊತೇಲಿ ಕೂತು ನೋಡಬಹುದಾ? ನಂಗೇನಾದ್ರೂ ತಲೆ ಕೆಡ್ತಿದ್ಯಾ?

ಉತ್ತರ: ಅಮ್ಮ, ಇಲ್ಲ, ತಲೆ ಕೆಡ್ತಿಲ್ಲ. ಇದನ್ನ ಬರೀ ಸಮಾಧಾನಕ್ಕೆ ಹೇಳ್ತಿಲ್ಲ. ವೇಲ್ಸ್ ದೇಶದಲ್ಲಿ ಡೆವಿ ರೀಸ್ ಅನ್ನೋ ಡಾಕ್ಟ್ರು ಗಂಡನನ್ನೋ ಹೆಂಡ್ತಿಯನ್ನೋ ಕಳ್ಕೊಂಡ 293 ಜನರನ್ನ ಒಬ್ಬೊಬ್ರಾಗಿ ಮಾತಾಡಿಸಿ 1971ರಲ್ಲಿ ಅದನ್ನ ಪ್ರಕಟ ಮಾಡಿದ್ರು. ಹತ್ರ ಹತ್ರ ಅರ್ಧದಷ್ಟು ಜನರಿಗೆ ಹೋದವ್ರು ಹತ್ರ ಇದ್ದ ಹಾಗೆ ಅನ್ನಿಸಿತ್ತು, ಕೆಲವ್ರಿಗೆ ಕಂಡಿದ್ರು, ಕೆಲವ್ರಿಗೆ ದನಿ ಕೇಳಿಸಿತ್ತು. ಬಹಳಷ್ಟು ಜನಕ್ಕೆ ಅದ್ರಿಂದ ಭಯಕ್ಕಿಂತ ಧೈರ್ಯಾನೇ ಬಂದಿತ್ತು. ಇನ್ನೊಂದು ವಿಷ್ಯ, ಅವ್ರಲ್ಲಿ ಹೆಚ್ಚಿನವ್ರು ಅದುವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ, ನಿಮ್ಮ ಹಾಗೇನೇ.

ಆದ್ರೆ ಊಟ ನಿದ್ದೆ ಕೆಡ್ತಾ ಇದ್ರೆ, ಯಾರ ಜೊತೇನೂ ಸೇರೋಕೆ ಮನಸ್ಸೇ ಬರ್ದೇ ಇದ್ರೆ, ಅವ್ರ ಹಿಂದೇನೇ ಹೋಗ್ಬೇಕು ಅನ್ನೋ ಯೋಚನೆ ಬಂದ್ರೆ ತಡ ಮಾಡ್ದೆ ಡಾಕ್ಟರ್ ಹತ್ರ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ಇತ್ತೀಚಿನ ಕಾಯಿಲೆ ಪಟ್ಟಿಯಲ್ಲಿ, ಅದು 2022ರಿಂದ ಜಾರಿಯಲ್ಲಿದೆ, ಆರು ತಿಂಗಳು ದಾಟಿದ್ರೂ ದಿನದ ಬದುಕೇ ನಡೀದ ಹಾಗೆ ಕಾಡೋ ದುಃಖಾನ ಚಿಕಿತ್ಸೆ ಕೊಡಬೇಕಾದ ಒಂದು ತೊಂದರೆ ಅಂತ ಸೇರಿಸಿದೆ. ಅದಕ್ಕೆ ನಾಚಿಕೆ ಪಡೋದು ಏನಿಲ್ಲ.

ಸಿನಿಮಾ ವಿಷ್ಯ. ಹೆರೆಡಿಟರಿ ಈಗ ಬೇಡ. ಅದ್ರಲ್ಲಿ ಸತ್ತವ್ರನ್ನ ಕರೆಸೋ ಸೀನಿದೆ, ಆನಿ ನಂಬಿಕೆಯಿಂದ ಮಾಡಿದ್ದು ಅವಳ ಮನೇನೇ ತಿಂದುಹಾಕುತ್ತೆ, ನೀವು ಸಂಜೆ ಕೇಳಿಸ್ಕೊಳೋ ಆ ಕೆಮ್ಮಿಗೆ ಆ ಭಯ ಯಾಕೆ ಅಂಟಿಸ್ಕೊತೀರಿ. ಮಗಳ ಹತ್ರ ಮಾತ್ರ ಹೇಳ್ಕೊಳಿ. ಅವಳಿಗೂ ಅಪ್ಪ ಹೋಗಿದಾರೆ, ಅವಳು ಈ ಥರದ ಸಿನಿಮಾನೇ ಹುಡುಕಿ ಹುಡುಕಿ ಯಾಕೆ ನೋಡ್ತಿದಾಳೆ ಅಂತ ಒಂದ್ಸಲ ಕೇಳಿ ನೋಡಿ.

ಪ್ರಶ್ನೆ: ಮಗನಿಗೆ 12. ಅಜ್ಜಿ ಹೋದ್ಮೇಲೆ ಮಂಕಾಗಿದಾನೆ. ಫ್ರೆಂಡ್ಸ್ ನೋಡಿದಾರೆ ನಾನೂ ಹೆರೆಡಿಟರಿ ನೋಡ್ತೀನಿ ಅಂತ ಹಟ.

ಉತ್ತರ: ಬೇಡ. ದೊಡ್ಡವ್ರ ಸಿನಿಮಾ ಅದು, ಸತ್ತ ಅಜ್ಜೀನೇ ಅದ್ರಲ್ಲಿ ಕೇಡಿಗೆಲ್ಲ ಮೂಲ. ಅಜ್ಜಿ ಬಗ್ಗೆ ಅವನ ಜೊತೆ ನೀವೇ ಕೂತು ಮಾತಾಡಿ.

ಪ್ರಶ್ನೆ: ಇದೇ ಥರ, ಮನೆಯವ್ರನ್ನ ಕಳ್ಕೊಂಡ ನೋವಿಟ್ಕೊಂಡು ಮಾಡಿರೋ ಬೇರೆ ಒಳ್ಳೇ ದೆವ್ವದ ಸಿನಿಮಾ ಹೇಳಿ. ರಕ್ತ ಗಿಕ್ತ ಕಮ್ಮಿ ಇದ್ರೆ ಒಳ್ಳೇದು.

ಉತ್ತರ: ಮೊದಲು ‘ಡೋಂಟ್ ಲುಕ್ ನೌ’, 1973, ನಿಕೋಲಸ್ ರೋಗ್ ಡೈರೆಕ್ಷನ್, ಡಾಫ್ನೆ ಡು ಮೋರಿಯೆ ಕಥೆ. ಕೆಂಪು ಮಳೆಕೋಟು ಹಾಕಿದ ಮಗಳು ಮನೆ ಹತ್ರದ ಕೊಳದಲ್ಲಿ ಮುಳುಗಿ ಸಾಯ್ತಾಳೆ, ಆಮೇಲೆ ಗಂಡ ಹೆಂಡ್ತಿ ವೆನಿಸಲ್ಲಿ ಇದಾರೆ, ಅವನು ಹಳೇ ಚರ್ಚ್ ರಿಪೇರಿ ಕೆಲಸದಲ್ಲಿ. ಕಣ್ಣು ಕಾಣದ ಒಬ್ಬ ಹೆಂಗಸು ನಿಮ್ಮ ಮಗಳು ನಂಗೆ ಕಂಡ್ಳು, ನಗ್ತಿದ್ಳು ಅಂತಾಳೆ. ತಾಯಿ ಅದನ್ನ ನಂಬಿ ಎಷ್ಟೋ ದಿನದ ಮೇಲೆ ಹಗುರಾಗ್ತಾಳೆ, ತಂದೆಗೆ ಅದು ಸುಳ್ಳು ಅಂತ ಸಿಡುಕು, ಆದ್ರೆ ಮುಂದಾಗೋದು ಮೊದ್ಲೇ ಕಾಣೋ ಶಕ್ತಿ ಇರೋದು ಅವನಿಗೇ. ಒಂದೇ ಸಾವನ್ನ ಒಂದೇ ಹಾಸಿಗೆಯ ಇಬ್ರು ಎಷ್ಟು ಬೇರೆ ಬೇರೆ ಥರ ಹೊರ್ತಾರೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿರೋದು ನಾನು ನೋಡಿಲ್ಲ. ಕೊನೇಲಿ ಸ್ವಲ್ಪ ರಕ್ತ ಇದೆ, ಮಧ್ಯೆ ಗಂಡ ಹೆಂಡ್ತಿಯ ಒಂದು ಉದ್ದದ ಸೀನಿದೆ, ಮನೆಯವ್ರ ಜೊತೆ ಕೂತು ನೋಡೋದಲ್ಲ.

ಭಾರತದ್ದೇ ಬೇಕು ಅಂದ್ರೆ ಮಲಯಾಳಂನ ‘ಭೂತಕಾಲಂ’, 2022, ರಾಹುಲ್ ಸದಾಶಿವನ್ ಡೈರೆಕ್ಷನ್. ರೇವತಿ ತಾಯಿ, ಶೇನ್ ನಿಗಮ್ ಮಗ. ಅಜ್ಜಿ ಸತ್ತ ಮೇಲೆ ಮನೇಲಿ ಉಳಿಯೋದು ಅವ್ರಿಬ್ರೇ. ತಾಯಿಗೆ ಮೊದ್ಲಿಂದ ಡಿಪ್ರೆಷನ್, ಮಗನಿಗೆ ಕೆಲಸ ಇಲ್ಲ, ಅವನಿಗೆ ರಾತ್ರಿ ಏನೇನೋ ಕೇಳಿಸೋಕೆ ಶುರುವಾದ್ರೆ ಇವನಿಗೂ ತಾಯಿ ಥರಾನೇ ಮನಸ್ಸು ಕೆಟ್ಟಿತು ಅಂತ ಎಲ್ರೂ ತೀರ್ಮಾನ ಮಾಡಿಬಿಡ್ತಾರೆ. ಹೆರೆಡಿಟರಿಯಲ್ಲಿ ಗಂಡ ಹೆಂಡ್ತೀನ ನಂಬದೇ ಇದ್ದ ಹಾಗೆ ಇಲ್ಲಿ ತಾಯಿ ಮಗನನ್ನ ನಂಬಲ್ಲ, ಒಂದು ವ್ಯತ್ಯಾಸ ಅಂದ್ರೆ ಇಲ್ಲಿ ಆ ನಂಬಿಕೆಗೆ ಒಂದು ಅವಕಾಶ ಸಿಗುತ್ತೆ, ಹೇಗೆ ಅಂತ ಹೇಳಲ್ಲ. ದೆವ್ವ ಕಾಣೋದು ಬಹಳ ಕಮ್ಮಿ, ರೇವತಿ ಮುಖ ನೋಡ್ತಾನೇ ಎದೆ ಹಿಂಡುತ್ತೆ.

ರಕ್ತಾನೇ ಬೇಡ ಅನ್ನೋರಿಗೆ ‘ಲೇಕ್ ಮಂಗೊ’, 2008, ಆಸ್ಟ್ರೇಲಿಯಾದ ಜೋಯಲ್ ಆಂಡರ್ಸನ್ ಮಾಡಿದ್ದು. ಪೂರ್ತಿ ಡಾಕ್ಯುಮೆಂಟರಿ ಥರ ಇದೆ, ಆಲಿಸ್ ಅನ್ನೋ 16ರ ಹುಡುಗಿ ನೀರಲ್ಲಿ ಮುಳುಗಿ ಹೋಗಿದಾಳೆ, ಅಪ್ಪ, ಅಮ್ಮ, ಒಡಹುಟ್ಟಿದವನು ಕ್ಯಾಮೆರಾ ಮುಂದೆ ಕೂತು ಮಾತಾಡ್ತಾರೆ, ಮನೇಲಿ ತೆಗೆದ ಫೋಟೋ ವಿಡಿಯೋಗಳಲ್ಲಿ ಅವಳು ಕಾಣಿಸ್ಕೊಳೋಕೆ ಶುರುವಾಗ್ತಾಳೆ. ಕೆಲವು ಸುಳ್ಳು ಅಂತ ಗೊತ್ತಾಗುತ್ತೆ, ಯಾರು ಮಾಡಿದ್ರು ಅಂತ ಗೊತ್ತಾದಾಗ ಬೈಯೋಕೂ ಮನಸ್ಸು ಬರಲ್ಲ. ಮೊದಲರ್ಧ ನಿಧಾನ ಅನ್ನಿಸಿದ್ರೂ ಬಿಡ್ಬೇಡಿ, ಮೊಬೈಲಲ್ಲಿ ಅವಳೇ ತೆಗೆದ ಒಂದು ವಿಡಿಯೋ ಬರುತ್ತೆ, ಅದಾದ್ಮೇಲೆ ಸಿನಿಮಾ ಪೂರ್ತಿ ಬೇರೆಯಾಗಿ ಕಾಣುತ್ತೆ. ಕೊನೇಲಿ ಹೆಸರುಗಳು ಓಡೋಕೆ ಶುರುವಾಯ್ತು ಅಂತ ಆಫ್ ಮಾಡ್ಬಿಡ್ಬೇಡಿ, ಮೊದ್ಲೇ ನೋಡಿದ್ದ ಫೋಟೋಗಳನ್ನ ಅಲ್ಲಿ ಮತ್ತೆ ತೋರಿಸ್ತಾರೆ, ಈ ಸಲ ಮೂಲೆ ಕಡೆ ನೋಡಿ.